ಇಪ್ಪತ್ತೇಳನೆಯ ಅಡಿಟಿಪ್ಪಣಿಯ ಮಹಾಸಮರ

"ನಮ್ಮ ಅತ್ತೀನ್ನ ಯಾವ ಪುಟದಾಗ ತೋರಸ್ಲಿ?"

ಕನ್ನಡ ವಿಭಾಗದ ನಿರ್ಜನ ಪಡಸಾಲೆಯಲ್ಲಿ, ಕಟಕಟನೆ ತಿರುಗುವ ಫ್ಯಾನಿನ ಕೆಳಗೆ ಕುಳಿತು ಸಂಶೋಧನಾರ್ಥಿ ಕಳಕಪ್ಪ ಗಟ್ಟಿಯಾಗಿ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಫ್ಯಾನಂತೂ ತನ್ನ ಪಾಡಿಗೆ ತಿರುಗುತ್ತಿತ್ತು.

ತಾಯಿ ವಾಗ್ದೇವಿ, ಆಡಿದವರನ್ನೂ ಆಡಿಸಿದವರನ್ನೂ ಬಲ್ಲವಳೇ, ಬಂದು ನಾಲಗೆಯ ತುದಿಯಲ್ಲಿ ನಿಲ್ಲು. ಮಾತಿಗಿಂತ ಮಾತಿನ ಮೂಲವೇ ಉದ್ದವಾಗಿದ್ದ ಯುಗವದು. ಪುಟಸಂಖ್ಯೆಯಿಲ್ಲದ ಸತ್ಯಕ್ಕೆ ಊರೊಳಗೆ ಬಾಡಿಗೆಗೊಂದು ಖೋಲಿಯೂ ಸಿಗದಿದ್ದ ಯುಗ. ಅಂಥ ಘೋರ ಕಾಲದಲ್ಲಿ, ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೆ ಉಚ್ಚರಿಸದೆ ಪ್ರಾಸದ ಸಾಲುಗಳಲ್ಲಿ ಹೆಣೆದು ಹೇಳುವ ಒಡಪುಗಳ ಮೇಲೆ ಪಿಎಚ್.ಡಿ. ಎಂಬ ಕೋಟೆ ಕಟ್ಟಹೊರಟ, ಚಹಾಮಾತ್ರಾಹಾರಿಯೂ ಜೆರಾಕ್ಸಂಗಡಿಪ್ರದಕ್ಷಿಣಪರಿಶ್ರಾಂತನೂ ಗ್ರಂಥಾಲಯಧೂಳಿಧೂಸರಗಾತ್ರನೂ ಆದ ಕಳಕಪ್ಪನ ಕಥೆಯನ್ನು ಪುಣ್ಯವಂತರು ಕಿವಿಗೊಟ್ಟು ಕೇಳುವುದು.

ಅಷ್ಟರೊಳಗೆ ಆತ ಗೆದ್ದ ಕಾಳಗಗಳೇನು ಸಾಮಾನ್ಯವೇ? ಆನೆಗಳಂತೆ ನಿಧಾನವಾಗಿ ನಡೆದುಬಂದ ದಪ್ಪ ಗ್ರಂಥಗಳನ್ನು ಲೇಖಕ, ವರ್ಷ, ಪ್ರಕಾಶನ, ಪುಟವೆಂಬ ಸರಪಣಿಗಳಿಂದ ಕಂಬಕ್ಕೆ ಬಿಗಿದಿದ್ದ. ಕುದುರೆಗಳಂತೆ ಹಾರಿಬಂದ ಪತ್ರಿಕೆಯ ಲೇಖನಗಳಿಗೆ ಸಂಪುಟ, ಸಂಚಿಕೆಗಳ ಕಡಿವಾಣ ಹಾಕಿದ್ದ. ಸಂಪಾದಿತ ಸಂಕಲನಗಳೆಂಬ ರಥಗಳಲ್ಲಿ ಕಾದುವವನಾರು, ಹಗ್ಗ ಹಿಡಿದವನಾರು ಎಂದು ಲೇಖಕನನ್ನೂ ಸಂಪಾದಕನನ್ನೂ ಬೇರೆ ಬೇರೆ ಇಳಿಸಿ ನಿಲ್ಲಿಸಿದ್ದ. ಇಂದು ಕಂಡು ನಾಳೆ ಮಾಯವಾಗುವ, ರಕ್ಕಸರ ಸಂತತಿಯ ಜಾಲತಾಣಗಳನ್ನು ಸಹ, ನೋಡಿದ ದಿನಾಂಕವೆಂಬ ಮಂತ್ರದ ಮೊಳೆ ಹೊಡೆದು ಅಲುಗದಂತೆ ಮಾಡಿದ್ದ.

ಉಳಿದದ್ದು ನಾಲ್ಕನೆಯ ಅಧ್ಯಾಯದ ಇಪ್ಪತ್ತೇಳನೆಯ ಅಡಿಟಿಪ್ಪಣಿ. ಆ ಅಧ್ಯಾಯವಿಡೀ ಒಂದೇ ಒಡಪಿನ ಮೇಲೆ ನಿಂತಿತ್ತು, ಮತ್ತು ಆ ಒಡಪು ಮೂರು ಲೋಕಗಳಲ್ಲಿ ಅವನ ಸೋದರತ್ತೆ ದ್ಯಾಮವ್ವನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಗ್ರಂಥಗಳ ಸಾಲಿನಲ್ಲಿ ಅಡಿಗೆಮನೆಯ ಅತ್ತೆಯನ್ನು ಕೂರಿಸಿದರೆ ಪಂಡಿತರು ನಕ್ಕಾರೆಂದು ವೀರನ ಎದೆ ಅಳುಕಿತು. ಅಳುಕಿದವನು ಕಪಟಕ್ಕಿಳಿದ. ಒಡಪನ್ನು ತಾನೇ ಒಂದು ಲೇಖನದಲ್ಲಿ ಸೇರಿಸಿ ಸಣ್ಣ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಬಳಿಕ ಆ ಲೇಖನವನ್ನೇ ಆಕರವೆಂದು ತೋರಿಸಿ, ಅಡಿಟಿಪ್ಪಣಿಯಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಂಡ.

ಪತ್ರಿಕೆ ಹೇಗೋ ದ್ಯಾಮವ್ವನ ಓಣಿ ಮುಟ್ಟಿತು. ಪಕ್ಕದ ಮನೆಯ ಹುಡುಗಿ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದಿದಳು. ಅಂದಿನಿಂದ ಅಳಿಯನಿಗೆ ಅತ್ತೆಯ ಮನೆಯ ಶೇಂಗಾ ಹೋಳಿಗೆ ನಿಂತುಹೋಯಿತು.

ಹೀಗಿರಲು ಕಡೆಯ ದಿನ ಬಂತು. ನೋಂದಣಿಯ ಅವಧಿ ಸಂಜೆ ಐದಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ ಮಾರ್ಗದರ್ಶಕರ ಸಹಿ ಬಿದ್ದ ಪ್ರಬಂಧ ಕಚೇರಿ ಸೇರದಿದ್ದರೆ ಕಳಕಪ್ಪನ ವರ್ಷಗಳ ತಪಸ್ಸೆಲ್ಲ ರದ್ದಿಯ ಗಾಡಿಗೆ. ಆದರೆ ಆ ಮಾರ್ಗದರ್ಶಕರೆಂದರೆ ಕೆಂಪುಶಾಯಿಶರವರ್ಷಿಣಿಯೂ ಅಲ್ಪವಿರಾಮಾಪರಾಧಾಸಹಿಷ್ಣುವೂ, ಓದದೆ ಒಂದು ರಜಾಚೀಟಿಗೂ ಸಹಿ ಹಾಕದ ವ್ರತನಿಷ್ಠೆಯೂ ಆದ ಡಾ. ಇಂದುಮತಿ ತುರಮರಿ. ಅವರ ಚಷ್ಮಾ ಇಪ್ಪತ್ತೇಳರ ಮೇಲೆ ಬಂದು ನಿಂತಿತು.

"ಇದನ್ನ ನಿನಗ ಹೇಳಿದವರು ಯಾರು?"

"ನಮ್ಮ ಅತ್ತಿರಿ, ಮೇಡಂ."

"ಮತ್ತ ಇಲ್ಲಿ ನಿನ್ನ ಹೆಸರು ಯಾಕೈತಿ? ಹಡೆದಾಕಿ ಒಬ್ಬಾಕಿ, ಬಾಣಂತನ ನಿನಗೇನು?"

ಬಳಿಕ ಅವರು ಧರ್ಮಸೂಕ್ಷ್ಮವನ್ನು ಬಿಡಿಸಿ ಹೇಳಿದರು. ಬಾಯಿಂದ ಬಂದುದಕ್ಕೆ ಬಾಯಿಯೇ ಆಕರ. ಹೇಳಿದವರನ್ನು ವಕ್ತೃ ಎಂದು ಕರೆದು ಹೆಸರು, ಗಂಡನ ಹೆಸರು, ಊರು, ಕೇಳಿದ ದಿನ ಬರೆಯಬೇಕು. ಅಚ್ಚಿಗೆ ಒಪ್ಪಿದ್ದೇನೆಂದು ಅವರ ಸಹಿ ತರಬೇಕು. ತಂದರೆ ತಮ್ಮ ಸಹಿ, ಇಲ್ಲದಿದ್ದರೆ ಇಲ್ಲ.

ಆಗ ಕಳಕಪ್ಪ ಎದ್ದುನಿಂತು, ಮೇಘವು ಗುಡುಗುವಂತೆ, "ಎಲೈ ವಿದ್ಯಾಧಿದೇವತೆಯೇ, ಸೂರ್ಯನು ಪಡುವಣಕ್ಕೆ ಇಳಿಯುವ ಮುನ್ನ ಆ ಮಹಾವಕ್ತೃವನ್ನು ಈ ಮೇಜಿನ ಮುಂದೆ ತಂದು ನಿಲ್ಲಿಸದಿದ್ದರೆ ನಾನು ಕಳಕಪ್ಪನೇ ಅಲ್ಲ" ಎಂದು ಶಪಥಗೈದ. ಗೈದದ್ದು ಮನಸ್ಸಿನಲ್ಲಿ. ಬಾಯಿಂದ ಹೊರಟದ್ದು "ಆತ್ರಿ ಮೇಡಂ" ಎಂಬುದಷ್ಟೇ.

ತ್ರಿಚಕ್ರರಥವನ್ನೇರಿ, ಮೀಟರಿಲ್ಲದ ಸಾರಥಿಯೊಡನೆ ಜಗಳಾಡುತ್ತ ಆತ ಅತ್ತೆಯ ಮನೆ ತಲುಪಿದಾಗ ಆಕೆ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಕಾಲು ಹಿಡಿದ ಅಳಿಯನನ್ನು ನೋಡಿ, ಸಂಡಿಗೆ ತುಳಿಯಬೇಡವೆಂದಳು. ಆತ ಎಲ್ಲ ನಿವೇದಿಸಿಕೊಂಡ. ಮುದುಕಿ ಹಿಟ್ಟಿನ ಕೈ ತೊಳೆದು, ಇಳಕಲ್ ಸೀರೆಯ ಸೆರಗು ಹೊದ್ದಳು.

"ನಿನ್ನ ಮ್ಯಾಲ ನನಗ ನಂಬಿಕಿಲ್ಲ ಕಳಕ್ಯಾ. ನನ್ನ ಹೆಸರ ನನ್ನ ಕಣ್ಣೀಲೆ ನೋಡ್ತೇನಿ, ಆಮ್ಯಾಲ ಸಹಿ."

ದಾರಿಯಲ್ಲಿ ಜೆರಾಕ್ಸಂಗಡಿಗೆ ನುಗ್ಗಿ ಆ ಪುಟವನ್ನು ತಿದ್ದಿ ಹೊಸದಾಗಿ ತೆಗೆಸಿದ್ದಾಯಿತು. ಮೇಡಂ ಎದುರಿನ ಕುರ್ಚಿಯಲ್ಲಿ ದ್ಯಾಮವ್ವ ವಿರಾಜಮಾನಳಾದಾಗ ಗಡಿಯಾರ ನಾಲ್ಕೂವರೆ ದಾಟಿತ್ತು. ಕಳಕಪ್ಪ ಪುಟವನ್ನು ಮುಂದೆ ಹಿಡಿದು, ಕೆಳಗಿನ ಗೆರೆಯ ಕೆಳಗೆ ಬೆರಳಿಟ್ಟ. ಮುದುಕಿ ಹಾಳೆಯನ್ನು ಹತ್ತಿರ ತಂದಳು, ದೂರ ಒಯ್ದಳು.

"ಇದೇನು ಇರಿವಿ ಸಾಲೋ, ನನ್ನ ಹೆಸರೋ?"

ಆಕೆಯ ಚಷ್ಮಾ ಮನೆಯ ಮಾಡದಲ್ಲಿ ಉಳಿದಿತ್ತು. ಅಕ್ಷರ ಒಂದಿಷ್ಟು ದೊಡ್ಡದು ಮಾಡಿಸಿರೆಂದು ಆಕೆ ಮೇಡಂ ಅವರನ್ನು ವಿನಯದಿಂದಲೇ ಕೇಳಿಕೊಂಡಳು. ಆ ಹೆಸರಿಗಾಗಿ ಬೆಳಗಿನಿಂದ ಬಿಲ್ಲೆತ್ತಿದ್ದ ವೀರವನಿತೆ, ಅಡಿಟಿಪ್ಪಣಿಯ ಅಕ್ಷರ ಮೇಲಿನದಕ್ಕಿಂತ ಚಿಕ್ಕದಿರಬೇಕೆಂಬುದು ನಿಯಮವೆಂದೂ, ನಿಯಮಕ್ಕೆ ಅತ್ತೆಯೂ ಒಂದೇ ಆಚಾರ್ಯರೂ ಒಂದೇ ಎಂದೂ ಹೇಳಿದರು. ಹೇಳಿ, ತಮ್ಮ ಚಷ್ಮಾವನ್ನೇ ತೆಗೆದು ಕೊಟ್ಟರು.

ದ್ಯಾಮವ್ವ ಅದನ್ನೇರಿಸಿಕೊಂಡು, ಬೆರಳು ಸರಿಸುತ್ತ ಓದಿದಳು. "ವಕ್ತೃ... ದ್ಯಾಮವ್ವ... ಗಂಡ..."

ಅಲ್ಲಿಗೆ ನಿಂತಳು. ಬೆರಳೂ ನಿಂತಿತು. ಮುಂದಿದ್ದದ್ದು ಚನ್ನವೀರಪ್ಪ ಎಂಬ ಹೆಸರು. ಮದುವೆಯಾದಂದಿನಿಂದ ಆಕೆ ಅದನ್ನು ಬರಿದೆ ನುಡಿದವಳಲ್ಲ. ಕಳಕಪ್ಪ ಗಡಿಯಾರ ನೋಡಿದ. ಮುಂದಿನದನ್ನು ಬಿಟ್ಟು ಸಹಿ ಮಾಡಬಹುದೆಂದು ಮೆಲ್ಲಗೆ ಸೂಚಿಸಿದ. ಆಕೆ ಅವನತ್ತ ನೋಡಲೂ ಇಲ್ಲ. ಕುರ್ಚಿಯಿಂದ ಎದ್ದಳು, ಸೆರಗು ಸರಿಮಾಡಿಕೊಂಡಳು, ಮದುವೆಮನೆಯ ಹೊಸ್ತಿಲಲ್ಲಿ ನಿಂತಂತೆ ನಿಂತಳು.

"ಶೇಂಗಾ ಹುರದ ಇಟ್ಟೇನಿ, ಬೆಲ್ಲ ಕುಟ್ಟಿ ಇಟ್ಟೇನಿ,
ಚನ್ನವೀರಪ್ಪನವರು ಬರೂತನಕ ಬಾಗಿಲ ತೆರದ ಇಟ್ಟೇನಿ."

ಬಾಗಿಲಲ್ಲಿ ಹಾದುಹೋಗುತ್ತಿದ್ದವರು ನಿಂತರು. ಬರಿಗಣ್ಣಿನ ಇಂದುಮತಿಯವರು ಕಣ್ಣೊರೆಸಿಕೊಂಡರು. ನಾಲ್ಕನೆಯ ಅಧ್ಯಾಯದ ನಲವತ್ತು ಪುಟಗಳಲ್ಲಿ ತಾನು ಹೇಳಲು ಒದ್ದಾಡಿದ್ದು ಇಷ್ಟೇ ಎಂದು ಕಳಕಪ್ಪನಿಗೆ ತಿಳಿಯಿತು, ನಾಚಿಕೆಯಾಯಿತು. ಅತ್ತ ಮನೆಯಲ್ಲಿ ಚನ್ನವೀರಪ್ಪನವರು ಮಧ್ಯಾಹ್ನದ ನಿದ್ದೆಯಿಂದ ಇನ್ನೂ ಎದ್ದಿರಲಿಲ್ಲ.

ದ್ಯಾಮವ್ವ ಕುಳಿತು ಒಪ್ಪಿಗೆಯ ಹಾಳೆಗೆ ದುಂಡಗೆ ಸಹಿ ಮಾಡಿದಳು. ದೇವದುಂದುಭಿಗಳು ಮೊಳಗುವುದೊಂದು ಬಾಕಿ. ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದರು. ತಮ್ಮ ಸಹಿಯ ಪುಟವನ್ನು ಕಣ್ಣ ಹತ್ತಿರ ತಂದರು, ದೂರ ಒಯ್ದರು. ಓದದೆ ಸಹಿ ಹಾಕುವುದು ಅವರ ಕುಲಕ್ಕೇ ಇಲ್ಲ. ಕೈ ಚಾಚಿ, "ಅವ್ವಾರ, ಚಷ್ಮಾ ಕೊಡ್ರಿ" ಎಂದರು.

ದ್ಯಾಮವ್ವ ತಲೆಯೆತ್ತಲಿಲ್ಲ. ಆಕೆಯ ಬೆರಳು ಇಪ್ಪತ್ತೆಂಟನೆಯ ಅಡಿಟಿಪ್ಪಣಿಗೆ ಇಳಿದಿತ್ತು. ಅಲ್ಲಿ ಇನ್ಯಾವ ಓಣಿಯ ಯಾವಾಕೆಯ ಮಾತನ್ನು ಈ ಹುಡುಗ ತನ್ನ ಹೆಸರಿಗೆ ಬರೆದುಕೊಂಡಿದ್ದಾನೋ ನೋಡಬೇಕಿತ್ತು. ಅದಾದ ಮೇಲೆ ಇಪ್ಪತ್ತೊಂಬತ್ತು, ಅದಾದ ಮೇಲೆ ಮುಂದಿನವು. ಕೆಳಗೆ ಕಚೇರಿಯವರು ಕಿಟಕಿಗಳನ್ನು ಒಂದೊಂದಾಗಿ ಹಾಕತೊಡಗಿದ ಸದ್ದು ಕೇಳಿಬಂತು.

"ಅತ್ತೀ," ಎಂದ ಕಳಕಪ್ಪ, ಕೈ ಜೋಡಿಸಿ. "ನಿನ್ನ ಕಾಲಿಗೆ ಬೀಳ್ತೇನಿ. ಚಷ್ಮಾ ಕೊಡು."

ಮುದುಕಿ ಹಾಳೆ ತಿರುವಿದಳು.

"ಕೊಡೂದಿಲ್ಲ."