ನಮ್ಮ ಸುತ್ತು ಬಸ್ಸು ನಿಂತದ್ದು

ಕಂಡಕ್ಟರ್ ಕೆಲಸದಲ್ಲಿ ನಗು ಬರದ ದಿನ ಅಂತ ಇರಲ್ಲ. ಬಸ್ಸು ನಿಂತುಹೋದ ದಿನವೂ ನಗು ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಬೇಜಾರು.

ಸಕಲೇಶಪುರದ ಒಳಗೇ ಸುತ್ತುವ ಸಣ್ಣ ಬಸ್ಸು ಅದು. ರೈಲ್ವೆ ಸ್ಟೇಷನ್ನಿನಿಂದ ಹೊರಟು ಬಸ್ ಸ್ಟ್ಯಾಂಡ್, ಮಾರ್ಕೆಟ್, ತಾಲ್ಲೂಕು ಕಚೇರಿ, ಆಸ್ಪತ್ರೆ ಮುಟ್ಟಿ ಮತ್ತೆ ಸ್ಟೇಷನ್ನಿಗೆ ಬರುತ್ತಿತ್ತು. ಓಡಿಸುತ್ತಿದ್ದವರು ನಾವೆಲ್ಲ ಭಾಯಿ ಅಂತ ಕರೆಯುತ್ತಿದ್ದ ಹಿರಿಯ ಡ್ರೈವರ್. ಟಿಕೆಟ್ ಹರಿಯುತ್ತಿದ್ದವನು ನಾನು.

ಎಲ್ಲಿಗೆ ಹೋಯ್ತದೆ?

ಮೊದಲ ವಾರ ಬೆಳಗೋಡಿನ ಕಡೆಯ ರೈತರೊಬ್ಬರು ಸ್ಟೇಷನ್ ಹತ್ತಿರ ಬಾಗಿಲು ಹಿಡಿದು ಕೇಳಿದರು, "ಇದು ಎಲ್ಲಿಗೆ ಹೋಯ್ತದಪ್ಪ?"

"ಊರೆಲ್ಲ ಸುತ್ತಿ ಇಲ್ಲಿಗೇ ಬತ್ತದೆ."

ಅವರು ಸ್ವಲ್ಪ ಯೋಚನೆ ಮಾಡಿದರು. "ನಾನು ಇಲ್ಲೇ ಇದೀನಲ್ಲ ಮಾರಾಯ," ಅಂದು ಚೀಲ ಹೆಗಲಿಗೇರಿಸಿ ನಡೆದುಬಿಟ್ಟರು.

ಇಳಿಯದ ಪ್ಯಾಸೆಂಜರ್

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ರಿಟೈರಾದ ಒಬ್ಬರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಪೇಟೆಯಲ್ಲಿ ಒಂದು ಬಾಡಿಗೆ ರೂಮು ಹಿಡಿದಿದ್ದರು. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ತನಕ ಇಳಿಯುತ್ತಿರಲಿಲ್ಲ. ಸುತ್ತು ಮುಗಿದಾಗಲೆಲ್ಲ ಹೊಸ ಟಿಕೆಟ್.

ಒಂದು ದಿನ ತಡೆಯಲಾರದೆ ಕೇಳಿದೆ, "ಸಾರ್, ನಿಮಗೆ ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ ಕಣಪ್ಪ. ರೂಮಲ್ಲಿ ನನ್ನನ್ನ ಏನು ಅಂತ ಕೇಳೋರಿಲ್ಲ. ನೀನಾದ್ರೆ 'ಎಲ್ಲಿ ಇಳೀತೀರ' ಅಂತ ದಿನಕ್ಕೆ ಆರು ಸಲ ಕೇಳ್ತೀಯ."

ಭಾಯಿ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಇನ್ನೊಂದ್ಸಲ ಕೇಳಪ್ಪ," ಅಂದರು.

ಬೆಂಬಲದ ಸಭೆ

ಎರಡನೇ ವರ್ಷ ಮಾಲೀಕರು, "ಜನ ಹತ್ತದ ಬಸ್ಸನ್ನ ಎಷ್ಟು ದಿನ ಓಡಿಸ್ಲಿ? ತಿಂಗಳ ಕೊನೆಗೆ ನಿಲ್ಲಿಸ್ತೀನಿ," ಅಂದರು. ಇದು ಕೇಳಿದ್ದೇ ತಡ, ಊರಿಗೆ ಬಸ್ಸಿನ ಮೇಲೆ ಪ್ರೀತಿ ಉಕ್ಕಿತು. ಬಸ್ಸು ನಿಲ್ಲಿಸಬೇಡಿ ಅನ್ನೋ ಅರ್ಜಿಗೆ ನಾನು ಸಹಿ ಹಾಕಿಸಲು ಹೊರಟರೆ ಯಾರೂ ಇಲ್ಲ ಅನ್ನಲಿಲ್ಲ. ಬಟ್ಟೆ ಅಂಗಡಿಯವರಂತೂ ಮನೆಮಂದಿಯ ಹೆಸರೆಲ್ಲ ಬರೆಸಿದರು.

"ನಾಳೆಯಿಂದ ನೀವೂ ಹತ್ತಿ ಅಣ್ಣ," ಅಂದೆ.

"ನಮಗ್ಯಾಕೆ? ಸ್ಕೂಟರ್ ಐತಲ್ಲ. ಪಾಪ, ಬೇರೆಯವರಿಗೆ ಬೇಕು."

ಭಾನುವಾರ ಮಾರ್ಕೆಟ್ ಹತ್ತಿರ ಸಭೆ ಸೇರಿತು. ಎಲ್ಲರೂ ಕಾರು, ಜೀಪು, ಬೈಕಿನಲ್ಲಿ ಬಂದು ರಸ್ತೆಯ ಎರಡೂ ಬದಿ ನಿಲ್ಲಿಸಿದರು. ನಮ್ಮ ಬಸ್ಸು ನಡುವೆ ಸಿಕ್ಕಿಕೊಂಡಿತು. ಬಸ್ಸಿನ ಪರವಾಗಿ ಮಾತಾಡಬೇಕಿದ್ದ ರೈಟರು ಒಳಗೇ ಕೂತಿದ್ದರು. ನಾವು ತಲುಪುವಷ್ಟರಲ್ಲಿ ವಂದನಾರ್ಪಣೆ ಆಗಿತ್ತು.

ಮಾಲೀಕರು ಸುತ್ತ ನೋಡಿ ನಿಧಾನಕ್ಕೆ ಹೇಳಿದರು, "ಬೆಂಬಲ ಬೇಕಾದಷ್ಟು ಐತೆ. ಬಸ್ಸು ಹೋಗಕ್ಕೆ ದಾರಿ ಇಲ್ಲ, ಅಷ್ಟೆ."

ಕೊನೇ ಸುತ್ತು

ಕೊನೇ ದಿನ ಸಂಜೆ ನಾಲ್ಕರದ್ದೇ ಕೊನೇ ಸುತ್ತು. ಯಾರೋ ಬಸ್ಸಿಗೆ ಹಾರ ಹಾಕಿದರು. ಸೀಟು ತುಂಬಿ ಜನ ಬಾಗಿಲಿಗೆ ಜೋತುಬಿದ್ದರು. ಎರಡು ವರ್ಷದಲ್ಲಿ ಬಸ್ಸು ತುಂಬಿದ್ದು ಅದೊಂದೇ ಸಲ. ಎಲ್ಲರೂ ಫೋನ್ ಹಿಡಿದು ಫೋಟೋ ತೆಗೆಯುವವರೇ. ಭಾಯಿ ಸ್ಟೀರಿಂಗ್ ಒರೆಸುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಗಂಡ ಹದಿನೈದು ದಿನದಿಂದ ಆಸ್ಪತ್ರೆಯಲ್ಲಿ. ವನಗೂರಿನ ಬಸ್ಸಿಳಿದು ದಿನಾ ನಮ್ಮ ಬಸ್ಸಿನಲ್ಲೇ ಊಟದ ಕ್ಯಾರಿಯರ್ ಒಯ್ಯುತ್ತಿದ್ದರು. ನಾಳೆಯಿಂದ ಬಸ್ಸಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಒಸಿ ಜಾಗ ಬಿಡ್ರಪ್ಪ, ಅಜ್ಜಿ ಹತ್ಲಿ," ಅಂದೆ. ಒಬ್ಬರೂ ಅಲುಗಲಿಲ್ಲ.

ಅಜ್ಜಿ ತುಂಬಿದ ಬಸ್ಸನ್ನು ಹಿಂದಿನಿಂದ ಮುಂದಿನ ತನಕ ನೋಡಿದರು. ಮುಖ ಅರಳಿತು. "ಪರವಾಗಿಲ್ಲ ಬುಡು ಮಗ. ಇವತ್ತಾದ್ರೂ ನಿಮಗೆ ಜನ ಸಿಕ್ಕವ್ರೆ. ನಾನು ಮುಂದಿನ ಸುತ್ತಿಗೆ ಬತ್ತೀನಿ."

ನಾನು ಭಾಯಿಗೆ ರೈಟ್ ಅಂದೆ.