ನಂಬರು ಕಾಣುವಂತೆ ಕೂರಿಸಿದ ಎಂಜಿನ್

ನಾನು ಅನುಮಾನದ ಮನುಷ್ಯ ಎಂದು ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲೆಲ್ಲ ಒಂದು ಮಾತು ಹಬ್ಬಿದೆ. ಅದನ್ನು ಮೊದಲು ಹಬ್ಬಿಸಿದವರು ಯಾರು ಎಂಬ ಬಗ್ಗೆ ನನಗೆ ಒಂದಿಬ್ಬರ ಮೇಲೆ ಅನುಮಾನವಿದೆ. ಆದರೆ ನೀವೇ ಹೇಳಿ, ಮುಂಬಯಿಯಲ್ಲಿ ಸಂಸಾರ ಮಾಡುವವನು ಅನುಮಾನ ಪಡದೆ ಇರುವುದು ಹೇಗೆ? ಬೆಳಿಗ್ಗೆ ಬೂತಿನಿಂದ ಹಾಲಿನ ಬಾಟಲಿ ತಂದರೆ, ಅದರ ಬಾಯಿಗೆ ಅಂಟಿಸಿದ ತೆಳ್ಳನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡದೆ ನಾನು ಒಳಗೆ ಬಿಡುವುದಿಲ್ಲ. ಟೈಲರನಿಗೆ ಬಟ್ಟೆ ಕೊಟ್ಟರೆ ಅವನು ಕತ್ತರಿ ಹಾಕುವ ತನಕ ಅಲ್ಲಿಂದ ಕದಲುವುದಿಲ್ಲ. ಒಮ್ಮೆ ರೇಡಿಯೋ ರಿಪೇರಿಗೆ ಕೊಡುವಾಗ, ಒಳಗಿನ ವಾಲ್ವುಗಳನ್ನು ಬದಲಿಸಿಬಿಟ್ಟಾನು ಎಂದು ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿದ್ದೆ. ರಿಪೇರಿಯವನು ಇದು ಪೂಜೆ ಮಾಡಿಸಿದ ರೇಡಿಯೋ ಎಂದುಕೊಂಡು, ಚಪ್ಪಲಿ ಬಿಟ್ಟು ಕೂತು ರಿಪೇರಿ ಮಾಡಿದನಂತೆ. ನಾನು ಹೆಣ್ಣು ನೋಡಲು ಕುಂದಾಪುರಕ್ಕೆ ಹೋಗಿದ್ದಾಗ ಕಿಸೆಯಿಂದ ಫೋಟೋ ತೆಗೆದು, ಹುಡುಗಿಯ ಮುಖದ ಜೊತೆ ಎರಡು ಸಲ ತಾಳೆ ನೋಡಿದೆ ಎಂದು ನನ್ನ ಹೆಂಡತಿ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ. ನನ್ನ ನೆನಪಿನ ಪ್ರಕಾರ ನೋಡಿದ್ದು ಒಂದೇ ಸಲ.

ಇಂಥ ನನ್ನನ್ನು ದಹಿಸರಿನ ಕಾರ್ಖಾನೆಯೊಂದು ಸ್ಟೋರ್‌ಕೀಪರ್ ಆಗಿ ಇಟ್ಟುಕೊಂಡಿತು. ಅಂದರೆ ನನ್ನ ದುರ್ಗುಣಕ್ಕೆ ಸಂಬಳ ಕೊಡುವವರೂ ಸಿಕ್ಕಿದರು ಎಂದಾಯಿತು. ಬಸ್ಸಿನಲ್ಲಿ ದಾದರಿಗೆ ಬಂದು, ಅಲ್ಲಿಂದ ಲೋಕಲ್ ಹಿಡಿದು ದಹಿಸರಿಗೆ ಹೋಗುವುದು. ನಿನ್ನೆ ನಾನೇ ಹಾಕಿದ ಬೀಗ ನಾನು ಹಾಕಿದಂತೆಯೇ ಇದೆಯೇ ಎಂದು ಎಳೆದು ನೋಡಿ ತೆರೆಯುವುದು. ಸಂಜೆ ಹಾಕಿ ಮತ್ತೆ ಎಳೆಯುವುದು. ಹೀಗೆ ಸುಖವಾಗಿದ್ದೆ. ಆ ಸುಖಕ್ಕೆ ಕಲ್ಲು ಹಾಕಿದ್ದು ಹುಲ್ಲು.

ನಮ್ಮ ಆಫೀಸಿನ ಮುಂದೆ ಒಂದು ಲಾನ್ ಇತ್ತು. ಮ್ಯಾನೇಜರ್ ಪಾರ್ಸಿ ಸಾಹೇಬರು. ಒಳಗೆ ಕೆಲಸ ನಿಂತರೂ ಸಹಿಸಿಯಾರು, ಹೊರಗೆ ಹುಲ್ಲು ಒಂದು ಬೆರಳು ಹೆಚ್ಚು ಬೆಳೆದರೆ ಸಹಿಸುತ್ತಿರಲಿಲ್ಲ. ಅದನ್ನು ಕತ್ತರಿಸಲು ಇಂಗ್ಲೆಂಡಿನ ಒಂದು ಯಂತ್ರವಿತ್ತು. ಮುಂದೆ ತಿರುಗುವ ಬ್ಲೇಡುಗಳು, ಹಿಂದೆ ಕಬ್ಬಿಣದ ರೋಲರ್, ಮೇಲೆ ಪೆಟ್ರೋಲ್ ಎಂಜಿನ್, ಹಿಡಿದುಕೊಂಡು ಹಿಂದೆ ನಡೆಯಲು ಎರಡು ಹಿಡಿಕೆ. ಆ ಹಿಡಿಕೆ ಹಿಡಿದು ನಡೆಯುತ್ತಿದ್ದವನು ಮಾಲಿ ಯಲ್ಲಪ್ಪ. ಜಮಖಂಡಿ ಕಡೆಯವನು, ನಾಲ್ಕು ವರ್ಷದಿಂದ ದಿನಗೂಲಿಯ ಮೇಲೆ ದುಡಿಯುತ್ತಿದ್ದ. ಅವನನ್ನು ಪರ್ಮನೆಂಟ್ ಮಾಡುವ ಕಾಗದ ಸಾಹೇಬರ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು. ಅವನು ದಿನಕ್ಕೊಮ್ಮೆ ಕಿಟಕಿಯಿಂದ ಇಣುಕಿ ಆ ಕಾಗದದ ದರ್ಶನ ಪಡೆಯುತ್ತಿದ್ದ. ಕಿಟಕಿಯಲ್ಲಿ ಇವನಿಗೇನು ಕೆಲಸ ಎಂದು ನಾನು ಅದನ್ನೂ ಗಮನಿಸಿಟ್ಟುಕೊಂಡಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ಒಳಗಿನ ಒಳ್ಳೆಯ ಭಾಗಗಳನ್ನು ಯಲ್ಲಪ್ಪ ತೆಗೆದು ಮಾರಿ, ಹಳೆಯದನ್ನು ಜೋಡಿಸಿರಬೇಕು ಎಂದು ನಾನು ತಕ್ಷಣ ತೀರ್ಮಾನಿಸಿದೆ. ಕರೆದು ವಿಚಾರಿಸಿದೆ.

"ಇದಕ್ಕ ವಯಸ್ಸಾಗೇತ್ರಿ ಸಾಹೇಬ್ರ," ಎಂದ. "ನಮ್ಮಜ್ಜಿನೂ ಹಿಂಗ ಕೆಮ್ಮಿ ಕೆಮ್ಮಿ ಹೋದ್ಲು. ಆಕಿ ಒಳಗಿಂದೇನೂ ನಾ ತಗದಿದ್ದಿಲ್ರಿ."

ಉತ್ತರ ಬಹಳ ಬೇಗ ಬಂದಿತ್ತು. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅದೇನೇ ಇರಲಿ, ಇಂಗ್ಲೆಂಡಿನಿಂದ ಬೇರೆ ಎಂಜಿನ್ ತರಿಸಲು ಇಂಪೋರ್ಟ್ ಲೈಸೆನ್ಸ್ ಬೇಕು. ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ ನಮ್ಮ ಲಾನಿನಲ್ಲಿ ಚಿರತೆ ಬಂದು ಮರಿ ಹಾಕಬಹುದಿತ್ತು. ಬೊರಿವಲಿಯ ಕಾಡು ಅಲ್ಲೇ ಇರುವುದರಿಂದ ಇದು ಬರೀ ತಮಾಷೆಯ ಮಾತಲ್ಲ. ಆಗ ದಾದರಿನ ಗಣಪತ್ ಮಿಸ್ತ್ರಿಯನ್ನು ಕರೆಸಿದೆವು. ಬೀಡಿ ಸೇದುತ್ತ ಯಂತ್ರದ ಸುತ್ತ ಒಂದು ಸುತ್ತು ಬಂದು, ನಮ್ಮ ದೇಶದಲ್ಲೇ ಪಂಪಿಗಾಗಿ ತಯಾರಾಗುವ ಬೇರೆ ಕಂಪೆನಿಯ ಎಂಜಿನ್ನನ್ನು ಇದಕ್ಕೆ ಕೂರಿಸಬಹುದು ಎಂದ. ಅಳತೆಪಟ್ಟಿಯನ್ನು ಕೈಯಲ್ಲಿ ಮುಟ್ಟಲಿಲ್ಲ! ಒಬ್ಬರ ಹೃದಯ ತೆಗೆದು ಇನ್ನೊಬ್ಬರಿಗೆ ಇಡುತ್ತಾರಂತೆ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ನಾನು ಅದನ್ನೂ ನಂಬಿರಲಿಲ್ಲ.

ಸಾಹೇಬರು ಮಾತ್ರ ಒಪ್ಪಿಬಿಟ್ಟರು. ಶನಿವಾರ ಹೆಡ್ ಆಫೀಸಿನವರು ಲಾನಿನಲ್ಲಿ ಚಹಾ ಕುಡಿಯಲು ಬರುವವರಿದ್ದರು. "ಯಂತ್ರ ಓಡಿದ ದಿನ ಯಲ್ಲಪ್ಪನ ಕಾಗದಕ್ಕೆ ಸಹಿ," ಎಂದು ತಮ್ಮ ಹಿಂದಿಯಲ್ಲಿ ಸಾರಿದರು. "ಓಡದಿದ್ದರೆ ಲಾನನ್ನು ಕಂಟ್ರಾಕ್ಟರನಿಗೆ ಕೊಟ್ಟುಬಿಡುತ್ತೇನೆ. ಯಂತ್ರವೂ ಬೇಡ, ಮಾಲಿಯೂ ಬೇಡ."

ಎಂಜಿನ್ ಕೊಳ್ಳಲು ನಾನೇ ದಾದರಿಗೆ ಹೋದೆ, ಹೊರಲು ಯಲ್ಲಪ್ಪ ಬಂದ. ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿಸಿ, ಎಂಜಿನ್ನಿನ ಹೊಟ್ಟೆಗೆ ಹೊಡೆದ ಹಿತ್ತಾಳೆಯ ತಗಡಿನಲ್ಲಿದ್ದ ನಂಬರನ್ನು ಡೈರಿಯಲ್ಲಿ ಬರೆದುಕೊಂಡೆ. ಡೈರಿ ಕಳೆದರೆ ಎಂದು ಬಾಯಿಪಾಠ ಮಾಡಿದೆ. ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಒಂದು ಕಾಲು ಊರಿ, ದಾದರಿನಿಂದ ದಹಿಸರಿನವರೆಗೆ ಆ ನಂಬರನ್ನು ಮನಸ್ಸಿನಲ್ಲೇ ಜಪಿಸಿದೆ. ತುಟಿ ಅಲುಗಾಡುತ್ತಿತ್ತು ಎಂದು ಕಾಣುತ್ತದೆ. ಮೀನಿನ ಹೆಂಗಸೊಬ್ಬಳು ನನ್ನನ್ನು ಯಾರೋ ವ್ರತದಲ್ಲಿರುವವರು ಎಂದು ತಿಳಿದು, ತನ್ನ ಬುಟ್ಟಿಯನ್ನು ಪಾಪ ದೂರ ಸರಿಸಿಕೊಂಡಳು.

ಮರುದಿನ ಗಣಪತ್ ಮಿಸ್ತ್ರಿ ಬಂದು ಕೆಲಸ ಶುರುಮಾಡಿದ. ನಾನು ಸ್ಟೂಲು ಹಾಕಿಕೊಂಡು ಕಣ್ಣು ಮಿಟುಕಿಸದೆ ಕೂತೆ. ಮಧ್ಯಾಹ್ನ ಅವನು ಎಂಜಿನ್ನನ್ನು ಎತ್ತಿ ಕೂರಿಸಿದಾಗ ನಾನು ಸ್ಟೂಲಿನಿಂದ ಧಡಕ್ಕನೆ ಎದ್ದೆ. ನಂಬರಿನ ತಗಡು, ಕತ್ತರಿಸಿದ ಹುಲ್ಲು ಬಂದು ಬೀಳುವ ಮುಂದುಗಡೆಯ ಡಬ್ಬಿಗೆ ಮುಖಮಾಡಿಕೊಂಡು ಪೂರ್ತಿ ಮುಚ್ಚಿಹೋಗಿತ್ತು! ನೋಡುವುದಿರಲಿ, ಬೆರಳು ಕೂಡ ತೂರುವಂತಿರಲಿಲ್ಲ. ನಾಳೆ ಈ ಎಂಜಿನ್ ಹೋಗಿ ಇದರ ಜಾಗಕ್ಕೆ ಯಾವುದೋ ಗುಜರಿ ಎಂಜಿನ್ ಬಂದು ಕೂತರೆ ಕೇಳುವವರು ಯಾರು?

"ತಿರುಗಿಸಿ ಕೂರಿಸು. ತಗಡು ಹಿಂದಕ್ಕೆ ಬರಬೇಕು, ನಂಬರು ಕಾಣಬೇಕು," ಎಂದೆ.

ಮಿಸ್ತ್ರಿ ಬೀಡಿಯನ್ನು ಬಾಯಿಂದ ತೆಗೆದ. ಎಂಜಿನ್ನನ್ನು ತಿರುಗಿಸಿ ಕೂರಿಸಿದರೆ ಅದರ ಚಕ್ರವೂ ತಿರುಗುಮುರುಗಾಗುತ್ತದೆ ಎಂದ. "ಸಾಬ್, ಉಲ್ಟಾ ಚಲೇಗಾ."

ಯಲ್ಲಪ್ಪನೂ ಬಾಯಿ ಹಾಕಿದ. "ಮಿಸ್ತ್ರಿ ಹೇಳೂದು ಖರೇ ಐತ್ರಿ ಸಾಹೇಬ್ರ. ಗಾಣದ ಎತ್ತು ತಿರುವಿ ಕಟ್ಟಿದ್ರ ಗಾಣ ಆ ಕಡೆ ತಿರಗತೈತಿ."

ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಒಬ್ಬ ಮರಾಠಿಯವನು, ಒಬ್ಬ ಜಮಖಂಡಿಯವನು. ಬೆಳಿಗ್ಗೆ ತಾನೆ ಜೊತೆಗೆ ಕೆಲಸಕ್ಕೆ ಇಳಿದವರು. ಮಧ್ಯಾಹ್ನದೊಳಗೆ ಇಬ್ಬರದೂ ಒಂದೇ ಮಾತು! ಇದು ಒಳಒಪ್ಪಂದವಲ್ಲದೆ ಮತ್ತೇನು? "ಉಲ್ಟಾ ಆಗಲಿ, ಸೀದಾ ಆಗಲಿ, ನಂಬರು ಕಾಣಬೇಕು," ಎಂದು ಪಟ್ಟುಹಿಡಿದೆ. ಮಿಸ್ತ್ರಿ ಆಕಾಶ ನೋಡಿದ, ನನ್ನನ್ನು ನೋಡಿದ. ಆಮೇಲೆ ಎಂಜಿನ್ನನ್ನು ತಿರುಗಿಸಿ, ಚೈನನ್ನು ಎಡದಿಂದ ಬಲಕ್ಕೆ ಸಾಗಿಸಿ ಬಿಗಿದ. ಹಿತ್ತಾಳೆಯ ತಗಡು ಹಿಡಿಕೆಯ ಕಡೆಗೆ ಫಳಫಳ ಹೊಳೆಯಿತು. ಡೈರಿ ತೆಗೆದು ಒಂದೊಂದೇ ಅಂಕಿ ತಾಳೆ ನೋಡಿದೆ. ಬಹಳ ದಿನಗಳ ನಂತರ ಮನಸ್ಸಿಗೆ ನೆಮ್ಮದಿಯಾಯಿತು.

ಒಂದು ಸಲ ನಡೆಸಿ ನೋಡೋಣ, ಪೆಟ್ರೋಲ್ ಕೊಡಿ ಎಂದು ಮಿಸ್ತ್ರಿ ಕೇಳಿದ. ಕೊಡಲಿಲ್ಲ. ಟ್ರಯಲ್ ಎಂದು ಹೇಳಿ ಕೊಂಡುಹೋದ ಪೆಟ್ರೋಲ್ ಯಾವ ಯಾವ ಸ್ಕೂಟರಿನ ಹೊಟ್ಟೆ ಸೇರುತ್ತದೆ ಎಂಬುದು ನನಗೆ ಗೊತ್ತಿಲ್ಲವೇ? ನಾಳೆ ಸಾಹೇಬರ ಎದುರಿನಲ್ಲೇ ಕೊಡುತ್ತೇನೆ ಎಂದು ಬೀಗ ಹಾಕಿ, ಎಳೆದು ನೋಡಿ, ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಸಾಹೇಬರು ಮೆಟ್ಟಿಲ ಮೇಲೆ ನಿಂತರು. ಆಫೀಸಿನ ಕಿಟಕಿಗಳ ತುಂಬ ಗುಮಾಸ್ತರ ತಲೆಗಳು. ಯಲ್ಲಪ್ಪ ತೊಳೆದ ಅಂಗಿ ಹಾಕಿ, ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿಕೊಂಡು ಬಂದಿದ್ದ. ನಾನು ತಗಡಿನ ನಂಬರನ್ನು ಕೊನೆಯ ಸಲ ನೋಡಲು ಯಲ್ಲಪ್ಪನ ಪಕ್ಕದಲ್ಲೇ, ಹಿಡಿಕೆಯ ಹಿಂದೆ ಬಗ್ಗಿ ನಿಂತಿದ್ದೆ. ಮಿಸ್ತ್ರಿ ಹಗ್ಗ ಎಳೆದ. ಎಂಜಿನ್ ಒಂದೇ ಏಟಿಗೆ ಗುಡುಗಿತು. ಯಲ್ಲಪ್ಪ ದೇವರ ಹೆಸರು ಹೇಳಿ ಕ್ಲಚ್ ಬಿಟ್ಟ.

ಯಂತ್ರ ಹೊರಟಿತು, ನಮ್ಮ ಕಡೆಗೆ. ಯಲ್ಲಪ್ಪ ಹಿಡಿಕೆ ಬಿಡದೆ ಹಿಂದಹಿಂದಕ್ಕೆ ಓಡಿದ. ನನಗೆ ಓಡಲು ಪುರುಸೊತ್ತಾಗಲಿಲ್ಲ. ಹಿಡಿಕೆಯ ಒಂದು ತುದಿ ನನ್ನ ಹೊಟ್ಟೆಗೆ ತಿವಿದು, ನಾನು ಗುಲಾಬಿಯ ಪಾತಿಯಲ್ಲಿ ಮುಳ್ಳುಗಳ ಮೇಲೆ ಕೂತುಕೊಂಡೆ. ಮುಂದುಗಡೆಯ ಬ್ಲೇಡುಗಳು ಉಲ್ಟಾ ತಿರುಗುತ್ತ ಹುಲ್ಲನ್ನು ಒಂದಿಷ್ಟೂ ಕತ್ತರಿಸದೆ ನೀಟಾಗಿ ತಲೆ ಬಾಚಿದ ಹಾಗೆ ಬಾಚಿಕೊಂಡು ಬಂದವು. ಸಾಹೇಬರ ಅಚ್ಚುಮೆಚ್ಚಿನ ಎರಡು ಗಿಡಗಳು ರೋಲರಿನಡಿ ಚಪ್ಪಟೆಯಾದ ಮೇಲೆ ಯಲ್ಲಪ್ಪ ಹೇಗೋ ಎಂಜಿನ್ ಬಂದ್ ಮಾಡಿದ. ಕಿಟಕಿಗಳಲ್ಲಿ ನಗೆ ಉಕ್ಕಿ ಹರಿಯಿತು. ಸಾಹೇಬರು ಮಾತ್ರ ನಗಲಿಲ್ಲ.

"ಎಂಜಿನ್ನನ್ನು ಹೀಗೆ ಕೂರಿಸಿದ್ದು ಯಾರು?"

ಮಿಸ್ತ್ರಿ ನನ್ನ ಕಡೆ ನೋಡಿದ. ನಾನು ಅಂಗೈಯ ಮುಳ್ಳು ಕೀಳುವುದರಲ್ಲಿ ಮಗ್ನನಾದೆ. ನಿಜ ಹೇಳುತ್ತೇನೆ, ಆ ಮುಳ್ಳು ಅಷ್ಟೇನೂ ಆಳಕ್ಕೆ ಹೋಗಿರಲಿಲ್ಲ.

"ನಾನಽ ರೀ," ಎಂದ ಯಲ್ಲಪ್ಪ, ತನ್ನ ಜಮಖಂಡಿ ಹಿಂದಿಯಲ್ಲಿ. "ನಾನಽ ಹಿಂಗ ಕೂಡ್ರಸು ಅಂದೆ. ನನಗ ತಿಳೀಲಿಲ್ರಿ."

ಸಾಹೇಬರು ಬೆನ್ನು ತಿರುಗಿಸಿ ಒಳಗೆ ಹೋದರು. ಮಿಸ್ತ್ರಿ ಎಂಜಿನ್ನನ್ನು ತನ್ನ ಮೊದಲಿನ ಲೆಕ್ಕದಂತೆಯೇ ತಿರುಗಿಸಿ ಕೂರಿಸಿದ. ನಂಬರು ಮರೆಯಾಯಿತು, ಯಂತ್ರ ಮುಂದಕ್ಕೆ ಓಡಿತು. ಮಧ್ಯಾಹ್ನದೊಳಗೆ ಲಾನ್ ಜಮಖಾನೆಯಂತಾಯಿತು. ಆದರೆ ಯಲ್ಲಪ್ಪನ ಕಾಗದ ಮೇಜಿನ ಮೇಲಿಂದ ಡ್ರಾಯರಿನೊಳಗೆ ಹೋಯಿತು ಎಂದು ಪ್ಯೂನ್ ಬಂದು ಹೇಳಿದ.

ನನಗೆ ಊಟ ಸೇರಲಿಲ್ಲ. ಹುಲ್ಲು ಗುಡಿಸುತ್ತಿದ್ದ ಯಲ್ಲಪ್ಪನ ಹತ್ತಿರ ಹೋಗಿ, "ಎಂಥದು ಮಾರಾಯ ನೀನು! ಹಾಗೆ ಯಾಕೆ ಹೇಳಿದ್ದು?" ಎಂದೆ. ನನ್ನಿಂದ ಇವನಿಗೆ ಏನೋ ಆಗಬೇಕಾಗಿದೆ ಎಂಬ ಅನುಮಾನ ಆಗಲೇ ತಲೆಯೆತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಅವನು ಗುಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ನಾಕು ವರ್ಷದಿಂದ ದಿನಾ ನನ್ನ ಮ್ಯಾಲ ಅನುಮಾನ ಪಡತೀರಿ ಸಾಹೇಬ್ರ. ನನಗ ರೂಢಿ ಆಗೇತಿ. ಅದರಾಗ ಇದೊಂದು. ನಿಮ್ಮ ಮ್ಯಾಲ ಯಾರೂ ಯಾವತ್ತೂ ಅನುಮಾನ ಪಟ್ಟಿಲ್ಲ. ನಿಮಗದು ತಡಕೊಳ್ಳಾಕ ಆಗಂಗಿಲ್ರಿ."

ಅವನ ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ, ಎಂಜಿನ್ ತಿರುಗಿಸಲು ಹೇಳಿದವನು ನಾನು, ಟ್ರಯಲಿಗೆ ಪೆಟ್ರೋಲ್ ಕೊಡದವನೂ ನಾನು, ಯಲ್ಲಪ್ಪನದು ಏನೂ ತಪ್ಪಿಲ್ಲ ಎಂದು ಒಂದೇ ಉಸಿರಿನಲ್ಲಿ ಒದರಿದೆ.

ಸಾಹೇಬರು ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಆ ನೋಟದ ಗುರುತು ನನಗೆ ತಕ್ಷಣ ಸಿಕ್ಕಿತು. ಹಾಲಿನ ಬಾಟಲಿಯನ್ನು ನಾನು ನೋಡುವುದು ಹಾಗೆಯೇ.

"ನೀವೂ ಆ ಮಾಲಿಯೂ ಒಂದೇ ಭಾಷೆಯವರು, ಅಲ್ಲವೇ?" ಎಂದರು. "ನಿಮಗೇನಾಗಬೇಕು ಅವನು?"

ಏನೂ ಆಗಬೇಕಾಗಿಲ್ಲ, ನಾನು ಸಮುದ್ರದ ಕಡೆಯವನು, ಅವನು ಬಯಲಿನ ಕಡೆಯವನು, ನಮ್ಮ ಊರಿಂದ ಅವರ ಊರಿಗೆ ಹೋಗಲು ಒಂದು ದಿನ ಸಾಲದು ಎಂದೆಲ್ಲ ವಿವರಿಸಿದೆ. ವಿವರಿಸಿದಷ್ಟೂ ಅವರ ಕಣ್ಣು ಕಿರಿದಾಗುತ್ತ ಹೋಯಿತು. ಯಲ್ಲಪ್ಪನನ್ನು ಕರೆಸಿ ಕೇಳಿದರು. ಅವನು ನನ್ನನ್ನೊಮ್ಮೆ ಕನಿಕರದಿಂದ ನೋಡಿ, "ಇಲ್ರಿ, ಸ್ಟೋರ್ ಸಾಹೇಬ್ರು ದೊಡ್ಡ ಮನಸ್ಸಿಂದ ಸುಳ್ಳು ಹೇಳಾಕತ್ತಾರ್ರಿ," ಎಂದುಬಿಟ್ಟ. ಒಂದೇ ತಪ್ಪನ್ನು ಇಬ್ಬರು ತಮ್ಮದು ತಮ್ಮದು ಎಂದು ಹೊಡೆದಾಡುತ್ತಿದ್ದಾರೆ ಎಂದರೆ ಒಳಗೆ ಇನ್ನೇನೋ ದೊಡ್ಡದು ನಡೆದಿದೆ ಎಂದು ಸಾಹೇಬರು ಲೆಕ್ಕ ಹಾಕಿದರು. ನಾನಾಗಿದ್ದರೂ ಹಾಗೆಯೇ ಲೆಕ್ಕ ಹಾಕುತ್ತಿದ್ದೆ. ಹುಲ್ಲಿನ ಡಬ್ಬಿ ಬಿಚ್ಚಿಸಿ, ಬೇರೊಬ್ಬ ಆಫೀಸರಿಂದ ಎಂಜಿನ್ನಿನ ನಂಬರನ್ನು ಬಿಲ್ಲಿನ ಜೊತೆ ತಾಳೆ ನೋಡಿಸಿದರು. ಸರಿಯಾಗಿತ್ತು. ಆದರೆ ಆ ನಂಬರನ್ನು ನಾನು ಬಾಯಿಪಾಠವಾಗಿ ಒಪ್ಪಿಸಿದ್ದರಿಂದ ಅವರಿಗೆ ಇನ್ನಷ್ಟು ಸಂಶಯ ಬಂತು.

ಶನಿವಾರದ ಚಹಾ ಚೆನ್ನಾಗಿ ನಡೆಯಿತು. ಹುಲ್ಲನ್ನು ಹೊಗಳಿಸಿಕೊಂಡ ಖುಷಿಯಲ್ಲಿ ಸಾಹೇಬರು ಡ್ರಾಯರಿನಿಂದ ಕಾಗದ ತೆಗೆದು ಸಹಿ ಹಾಕಿದರು. ಯಲ್ಲಪ್ಪ ಪರ್ಮನೆಂಟ್ ಆದ, ನನಗೊಂದು ಪೇಡೆ ಕೊಟ್ಟ. ನಾನು ಅದನ್ನು ಮೂಸಿ ನೋಡದೆ ತಿಂದೆ. ಅದೇ ವಾರ ಇನ್ನೊಂದು ಹುಕುಂ ಹೊರಟಿತು: ಇನ್ನು ಮುಂದೆ ಸ್ಟೋರ್‌ಕೀಪರ್ ಹೊರಗೆ ಹೋಗುವಾಗ ಗೇಟಿನಲ್ಲಿ ಅವರ ಊಟದ ಡಬ್ಬಿಯನ್ನು ತಪಾಸಣೆ ಮಾಡತಕ್ಕದ್ದು.

ಮೊದಲ ಕೆಲವು ದಿನ ನಾನು ತಲೆ ತಗ್ಗಿಸಿ ನಿಂತೆ. ಯಲ್ಲಪ್ಪ ಹೇಳಿದ್ದು ಸರಿ. ತಡೆದುಕೊಳ್ಳುವುದು ಬಹಳ ಕಷ್ಟ. ಆದರೆ ವಾಚ್‌ಮನ್ ತಪಾಸಣೆ ಮಾಡುವ ರೀತಿ ನೋಡಿದ ಮೇಲೆ ನನ್ನ ದುಃಖವೆಲ್ಲ ಮರೆತುಹೋಯಿತು. ನನ್ನದು ಮೂರು ಅಂತಸ್ತಿನ ಡಬ್ಬಿ. ಅವನು ಮೇಲಿನದನ್ನು ಮಾತ್ರ ತೆರೆದು, ಸಲಾಂ ಹೊಡೆದು ಬಿಟ್ಟುಬಿಡುತ್ತಿದ್ದ. ಕೆಳಗಿನ ಅಂತಸ್ತಿನಲ್ಲಿ ಎಂಜಿನ್ನಿನ ಒಂದು ಇಡೀ ಕಾರ್ಬ್ಯುರೇಟರ್ ಹಿಡಿಯುತ್ತದೆ. ನಾನು ಅಳತೆ ಮಾಡಿ ನೋಡಿದ್ದೇನೆ. ಇಷ್ಟು ಧಾರಾಳವಾಗಿ ಬಿಡುತ್ತಾನೆಂದರೆ ಇವನಿಗೆ ಯಾರ ಜೊತೆಗೋ ಒಳಸಂಬಂಧವಿರಬೇಕು. ಕೊನೆಗೊಂದು ಸಂಜೆ ನಾನೇ ಅವನನ್ನು ತಡೆದು ನಿಲ್ಲಿಸಿ, ಕೆಳಗಿನ ಎರಡನ್ನೂ ತೆರೆಸಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಯಲ್ಲಪ್ಪ, "ಲಗೂನ ನಡೀರಿ ಸಾಹೇಬ್ರ, ಲೋಕಲ್ ತಪ್ಪತೈತಿ," ಎಂದ. ಇವನಿಗೇಕೆ ಇಷ್ಟು ಅವಸರ?