ಕೋಡು ಕೇಳುವ ಕಾಕಾ

ರೋಣ ತಾಲೂಕಿನಲ್ಲಿ ಯಾರ ಮನೆಯ ಎತ್ತು ಸತ್ತರೂ ಆ ಸುದ್ದಿ ಮೊದಲು ಮುಟ್ಟುವುದು ನಮ್ಮ ಕಾಕಾನಿಗೆ. ದನದ ಡಾಕ್ಟರಿಗೆ ಗೊತ್ತಾಗುವುದು ಆಮೇಲೆ. ಒಮ್ಮೊಮ್ಮೆ, ತಾನು ಸಾಯುತ್ತೇನೆಂದು ಎತ್ತಿಗೇ ತಿಳಿಯುವ ಮೊದಲು ಕಾಕಾ ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಹೊರಟಿರುತ್ತಾನೆ ಎಂದು ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಇದು ಶುದ್ಧ ಸುಳ್ಳು. ಹಾಗಾಗಿದ್ದು ಒಂದೇ ಸಲ. ಆ ಎತ್ತು ಬದುಕಿತು!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಸುಬು ಕಮ್ಮಾರಿಕೆ. ರೋಣದಲ್ಲಿ ನಮ್ಮ ಮನೆಯ ಮುಂದೆಯೇ ಕುಲುಮೆ. ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಕಮ್ಮಾರರೂ ಮಾಡುತ್ತಾರೆ, ಕಾಕಾನೂ ಮಾಡುತ್ತಿದ್ದ. ಆದರೆ ಅವನ ಜೀವ ಇದ್ದದ್ದು ಚಾಕುವಿನಲ್ಲಿ. ಅಂಗಡಿಯಿಂದ ತಂದ ಹೊಸ ಕಬ್ಬಿಣದಿಂದ ಮಾಡಿದ್ದು ಅವನ ಪ್ರಕಾರ ಚಾಕುವೇ ಅಲ್ಲ. ಅಲಗಿಗೆ ಲಾರಿಯ ಪಾಟಾ ಆಗಬೇಕು, ಅಂದರೆ ಗಾಲಿಯ ಮೇಲೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ. ಅದೂ ಮುರಿದದ್ದಾಗಬೇಕು. ಹಿಡಿಕೆಗೆ ಕೋಡೇ ಆಗಬೇಕು.

"ಹೊಸಾ ಉಕ್ಕಿಗೆ ಏನೂ ಗೊತ್ತಿರೂದಿಲ್ಲವ್ವ," ಎನ್ನುತ್ತಿದ್ದ. "ಹತ್ತು ವರ್ಸ ಭಾರ ಹೊತ್ತ ಉಕ್ಕು ಹೇಳಿದ ಮಾತು ಕೇಳತೈತಿ."

ಹೀಗಾಗಿ ನಮ್ಮ ಅಂಗಳದಲ್ಲಿ ಮುರಿದ ಪಾಟಾ, ಸವೆದ ಅರ, ಟ್ರ್ಯಾಕ್ಟರಿನ ಬೇರಿಂಗು, ಬಾವಿಯ ಗಾಲಿ, ಎತ್ತಿನ ಕೋಡು, ಎಮ್ಮೆಯ ಕೋಡು, ಟಗರಿನ ಕೋಡು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಮನೆಗೆ ಬಂದವರು ಚಪ್ಪಲಿ ಬಿಡಲು ಜಾಗ ಸಿಗದೆ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿ ಹೋದದ್ದೂ ಉಂಟು.

ಈಗ ನಗುತ್ತ ಬರೆಯುತ್ತಿದ್ದೇನೆ. ಆದರೆ ನನ್ನ ಹರೆಯದ ಅರ್ಧ ಆಯುಷ್ಯ ಹೋದದ್ದು ಈ ಮನುಷ್ಯನಿಗಾಗಿ ನಾಚಿಕೊಳ್ಳುವುದರಲ್ಲಿ. ಅಪ್ಪ ತೀರಿಕೊಂಡಾಗ ನಾನು ಆರನೇ ಇಯತ್ತೆ ಓದುತ್ತಿದ್ದೆ. ಕಾಕಾ ಮದುವೆಯಾಗಲಿಲ್ಲ. ಆ ಮಾತೆತ್ತಿ ಬಂದವರನ್ನು ಕುಲುಮೆಯ ಹೊಗೆಯಲ್ಲಿ ಕೂಡಿಸಿ, ಅವರು ತಾವಾಗಿ ಕೆಮ್ಮುತ್ತ ಎದ್ದು ಹೋಗುವ ಹಾಗೆ ನೋಡಿಕೊಂಡ. ನನ್ನನ್ನು ಟಿ.ಸಿ.ಎಚ್. ಓದಿಸಿದ. ಓದಿದ ನನಗೆ ಇದ್ದದ್ದು ಒಂದೇ ಆಸೆ: ಜನ ನನ್ನನ್ನು 'ಕಮ್ಮಾರರ ಹುಡುಗಿ' ಅನ್ನಬಾರದು, ಸಾಲೆಯ 'ಅಕ್ಕೋರು' ಅನ್ನಬೇಕು. ಅದಕ್ಕೆ ಅಡ್ಡ ನಿಂತದ್ದು ಕಾಕಾನ ಸೈಕಲ್ಲು ಮತ್ತು ಅದರ ಗೋಣಿಚೀಲ. ಯಾವ ಊರಿಗೆ ಹೋದರೂ ಅವು ನನಗಿಂತ ಮೊದಲು ಅಲ್ಲಿ ಹಾಜರು!

ನನ್ನ ಜೊತೆ ಓದುತ್ತಿದ್ದ ಬೆಳವಣಕಿಯ ಗೆಳತಿಯ ಮನೆಯ ಎತ್ತು ಸತ್ತಿತು. ಆ ದಿನ ನಾನು ಅವಳ ಮನೆಯಲ್ಲೇ ಇದ್ದೆ. ಹೊಲದಲ್ಲಿ ಕುಣಿ ತೋಡಿ, ಎತ್ತಿಗೆ ಅರಿಸಿನ ಕುಂಕುಮ ಹಚ್ಚಿ, ಮನೆಮಂದಿಯೆಲ್ಲ ಅಳುತ್ತ ನಿಂತಿದ್ದಾರೆ. ಅಷ್ಟರಲ್ಲಿ ಸೈಕಲ್ಲಿನ ಗಂಟೆ. ಕಾಕಾ ಬಂದವನೇ ಎತ್ತಿನ ಕೊರಳು ಸವರಿ ಅತ್ತ. ಸುಳ್ಳು ಅಳು ಅಲ್ಲ, ಅದರ ಕಾಲಿಗೆ ನಾಲು ಬಡಿದವನು ಅವನೇ. ಅತ್ತು, ಮೂಗು ಒರೆಸಿಕೊಂಡು, ಗೆಳತಿಯ ಅಪ್ಪನನ್ನು ಪಕ್ಕಕ್ಕೆ ಕರೆದ.

"ಹುಗಿಯೂದರ ಹುಗೀತೀರಿ. ಕೋಡು ಸುಮ್ಮನ ಮಣ್ಣಪಾಲು ಆಗ್ತಾವಲ್ಲೋ."

ಆತನಿಗೆ ಸಿಟ್ಟು ನೆತ್ತಿಗೇರಿತು. "ಲೇ, ನಮ್ಮಪ್ಪ ಸತ್ತಾಗ ಮಣ್ಣಿಗೆ ಬರಲಿಲ್ಲ ನೀ. ಎತ್ತು ಸತ್ತರ ಓಡಿ ಬಂದೀಯಲ್ಲ?"

ಕಾಕಾ ಕ್ಷಣಹೊತ್ತು ವಿಚಾರ ಮಾಡಿದ. ಆಮೇಲೆ ಬಹಳ ಪ್ರಾಮಾಣಿಕವಾಗಿ ಹೇಳಿದ: "ನಿಮ್ಮಪ್ಪಗ ಕೋಡು ಇದ್ದಿಲ್ಲಲ್ಲೋ."

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ನನ್ನ ಗೆಳತಿಯೂ ನಕ್ಕಳು. ನಾನು ಮಾತ್ರ ಆ ಕುಣಿಯಲ್ಲಿ ನನಗೂ ಒಂದಿಷ್ಟು ಜಾಗ ಸಿಗಬಹುದೇ ಎಂದು ನೋಡುತ್ತ ನಿಂತಿದ್ದೆ.

ಇನ್ನೊಮ್ಮೆ ಕಾಕಾ, ನಾನು ಗಜೇಂದ್ರಗಡಕ್ಕೆ ಟೆಂಪೋದಲ್ಲಿ ಹೊರಟಿದ್ದೆವು. ಟೆಂಪೋ ತುಂಬ ಜನ. ಕಾಕಾ ಕಣ್ಣು ಮುಚ್ಚಿ ಕೂತಿದ್ದ, ನಿದ್ದೆ ಹತ್ತಿದೆ ಅಂದುಕೊಂಡೆ. ಎಲ್ಲಿಯ ನಿದ್ದೆ! ಅವನು ಗಾಡಿಯ ಕಿರ್ ಕಿರ್ ಸಪ್ಪಳ ಕೇಳುತ್ತಿದ್ದ. ರಾಜೂರಿನ ಹತ್ತಿರ ಬಂದಾಗ ಎದ್ದು ಹೋಗಿ ಡ್ರೈವರನ ಭುಜ ತಟ್ಟಿದ.

"ಹಿಂದಿನ ಎಡಗಡೀ ಪಾಟಾ ಇವತ್ತಿಲ್ಲಾ ನಾಳಿ ಮುರೀತೈತ್ರಿ. ಮುರಿದ ಕೂಡ್ಲೆ ನನಗ ಕೊಡ್ರಿ. ಬ್ಯಾರೇದವ್ರಿಗೆ ಕೊಡಬ್ಯಾಡ್ರಿ ಮತ್ತ."

ಇದು ಡ್ರೈವರನಿಗೆ ಕೇಳುವ ಮೊದಲು ಜನರಿಗೆ ಕೇಳಿತು. "ಯವ್ವಾ, ಗಾಡಿ ಮುರೀತೈತಂತ!" ಎಂದು ಒಬ್ಬ ಹೆಂಗಸು ಕೂಸನ್ನು ಅವಚಿಕೊಂಡು ಎದ್ದಳು. ರಾಜೂರಿನಲ್ಲಿ ಅರ್ಧ ಟೆಂಪೋ ಖಾಲಿಯಾಯಿತು. ಕ್ಲೀನರ್ ಕೂಗಾಡಿದ: "ಯಾರ್ರೀ ಈ ಹಿರ್ಯಾನ ಕೂಡ ಬಂದವ್ರು?"

ನಾನು ಕಿಟಕಿಯ ಹೊರಗೆ ನೋಡಿದೆ. ಜೋಳದ ಹೊಲ ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು.

ಮೂರನೆಯ ದಿನ ಅದೇ ಡ್ರೈವರ್ ಮುರಿದ ಪಾಟಾ ಹೊತ್ತುಕೊಂಡು ನಮ್ಮ ಮನೆ ಹುಡುಕುತ್ತ ಬಂದ. ಬರೀ ಕೊಟ್ಟು ಹೋಗಲಿಕ್ಕೆ ಬಂದಿದ್ದನೇ? ಬಲಗಡೆಯದು ಯಾವಾಗ ಮುರಿಯುತ್ತದೆ ಎಂದು ಕೇಳಲಿಕ್ಕೆ ಬಂದಿದ್ದ!

ಈ ಎಲ್ಲ ಕೋಡುಗಳ ನಡುವೆ ಕಾಕಾನ ಕನಸಿನಲ್ಲಿ ಬರುತ್ತಿದ್ದದ್ದು ಸಾರಂಗದ ಕೋಡು. ಅವನ ಅಜ್ಜ ಯಾವುದೋ ವಾಡೆಯ ಸಿರಿವಂತರಿಗೆ ಸಾರಂಗದ ಕೋಡಿನ ಹಿಡಿಕೆ ಹಾಕಿ ಚಾಕು ಮಾಡಿಕೊಟ್ಟಿದ್ದನಂತೆ. ಅದು ಕೈ ಬೆವತರೂ ಜಾರುವುದಿಲ್ಲವಂತೆ. ಈಗ ಸರಕಾರದ ಕಾಯ್ದೆ ಇದೆ, ಅದನ್ನು ಇಟ್ಟುಕೊಂಡರೆ ಕೈಗೆ ಬೇಡಿ. ಕಾಕಾನಿಗೂ ಅದು ಗೊತ್ತು. "ಬ್ಯಾಡಪ್ಪ ಬ್ಯಾಡ, ಒಮ್ಮೆ ಮುಟ್ಟಿ ನೋಡಿದರ ಸಾಕು," ಎನ್ನುತ್ತಿದ್ದ.

ಮುಟ್ಟುವ ಯೋಗ ಬಂದದ್ದು ನನ್ನ ಮದುವೆಯ ಮಾತುಕತೆಯಲ್ಲಿ! ಗಜೇಂದ್ರಗಡದ ಒಂದು ಸಂಬಂಧ. ಅವರು ನನ್ನನ್ನು ನೋಡಿ ಒಪ್ಪಿದ್ದರು. ಅವರ ಮನೆ ನೋಡಲು ಅವ್ವ, ಕಾಕಾ ಹೋದರು. ಪಡಸಾಲೆಯ ಗೋಡೆಯ ಮೇಲೆ ಕವಲು ಕವಲಾದ ದೊಡ್ಡ ಕೋಡು. ಹುಡುಗನ ಅಜ್ಜ, ತನ್ನಪ್ಪ ಆ ಸಾರಂಗವನ್ನು ಹ್ಯಾಗೆ ಬೇಟೆಯಾಡಿದ ಎಂಬ ಕಥೆ ಶುರು ಮಾಡಿದರು. ಅವ್ವ ಹೇಳುವ ಪ್ರಕಾರ, ಕಾಕಾ ಹುಡುಗನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ಚಹಾ ತಣ್ಣಗಾಯಿತು. ಕೊನೆಗೆ ಎದ್ದು ನಿಂತು, ಅಪ್ಪಣೆ ಕೇಳಿ, ಕೋಡಿನ ಬುಡಕ್ಕೆ ಉಗುರು ಹಾಕಿ ತುಸು ಕೆರೆದು ಮೂಸಿದ. ಮತ್ತೊಮ್ಮೆ ಮೂಸಿದ.

"ಸಾಗವಾನಿ ಐತ್ರಿ!"

ಅಜ್ಜನ ಬೇಟೆಯ ಕಥೆ ಅರ್ಧಕ್ಕೇ ನಿಂತಿತು. ಕಾಕಾನಿಗೆ ಖರೇ ಖುಷಿಯಾಗಿತ್ತು. "ಎಂಥಾ ಕೈ ಅಂತೀನ್ರಿ ಆ ಬಡಿಗ್ಯಾಂದು! ಬ್ಯಾಟಿ ಯಾರರ ಆಡ್ತಾರ, ಹಿಂಗ ಕೆತ್ತಾಕ ಯಾರಿಗೆ ಬರತೈತ್ರಿ?"

ಹೊಗಳಿದ್ದು ಅವನು! ಆದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಹುಡುಗ ಹೋದ ಎಂದು ನನಗೆ ದುಃಖವೇನೂ ಆಗಲಿಲ್ಲ. ಗಜೇಂದ್ರಗಡದಿಂದ ರೋಣದ ತನಕ ಈ ಕಥೆ ಹೇಳಿ ನಕ್ಕರಲ್ಲ, ಅದಕ್ಕೆ ಎಂಟು ದಿನ ಮನೆಯಿಂದ ಹೊರಬೀಳಲಿಲ್ಲ. ಕಾಕಾ ಬಾಗಿಲ ಹೊರಗೆ ನಿಂತು, "ಸುಳ್ಳು ಹ್ಯಾಂಗ ಹೇಳ್ಲೆವ್ವ, ಸಾಗವಾನಿ ಇತ್ತು," ಎಂದು ದಿನಾ ಒಮ್ಮೆ ಹೇಳಿ ಹೋಗುತ್ತಿದ್ದ.

ಅಂತೂ ನೌಕರಿ ಸಿಕ್ಕಿತು, ನರಗುಂದದ ಒಂದು ಸಾಲೆಯಲ್ಲಿ. ಬಾಡಿಗೆ ಖೋಲಿ ಹಿಡಿದೆ. ಸೈಕಲ್ಲು, ಗೋಣಿಚೀಲ, ಹೊಗೆ ಎಲ್ಲ ರೋಣದಲ್ಲೇ ಉಳಿದವು. ಮನೆಯ ಕಸುಬು ಏನೆಂದು ಸಾಲೆಯ ಮುಖ್ಯಸ್ಥೆ ಹೆಡ್ ಬಾಯಿಯವರು ಕೇಳಿದಾಗ, "ವರ್ಕ್‌ಶಾಪ್ ಐತ್ರಿ," ಎಂದೆ. ಸುಳ್ಳೇನಲ್ಲವಲ್ಲ? ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ.

ಎರಡನೆಯ ತಿಂಗಳು, ಒಂದು ಮಧ್ಯಾಹ್ನ, ಬಿಸಿಯೂಟದ ಹೊತ್ತು. ಮಕ್ಕಳು ತಾಟು ಹಿಡಿದು ಸಾಲಾಗಿ ಕೂತಿದ್ದವು. ಹೆಡ್ ಬಾಯಿಯವರೂ ನಾನೂ ಕಟ್ಟೆಯ ಮೇಲೆ ನಿಂತಿದ್ದೆವು. ಗೇಟಿನಲ್ಲಿ ಸೈಕಲ್ ಕಂಡಿತು. ಹಿಂದೆ ಗೋಣಿಚೀಲ, ಅದರಿಂದ ಇಣುಕುವ ಎರಡು ಕೋಡು. "ಎಮ್ಮಿ ಬಂತೋ, ಎಮ್ಮಿ!" ಎಂದು ಮಕ್ಕಳೆಲ್ಲ ಎದ್ದವು. ಕಾಕಾ ರೋಣದಿಂದ ಅಷ್ಟು ದೂರ ತುಳಿದುಕೊಂಡು ಬಂದಿದ್ದ. ಅಂಗಿ ಬೆವರಿನಿಂದ ಒದ್ದೆ, ಕೈ ಕರ್ರಗೆ, ಮುಖದ ತುಂಬ ನಗು.

"ಯಾರ್ರೀ ಅವ? ನಿಮ್ಮನ್ನ ನೋಡಿ ನಗಾಕತ್ಯಾನಲ್ಲ. ಗುರ್ತೈತೇನು?" ಹೆಡ್ ಬಾಯಿಯವರು ಕೇಳಿದರು.

"ಇಲ್ರೀ ಮೇಡಮ್," ಎಂದೆ. "ಗುಜರಿಯವ ಇರಬೇಕು."

ಕಾಕಾ ಅಷ್ಟರಲ್ಲಿ ಕಟ್ಟೆಯ ಹತ್ತಿರವೇ ಬಂದಿದ್ದ. ಟೆಂಪೋದ ಪಾಟಾ ಬಿರುಕು ಬಿಟ್ಟದ್ದನ್ನು ಕೇಳುವ ಕಿವಿ ಅವನದು. ಕೇಳಿಸದೆ ಇರುತ್ತದೆಯೇ? ನಗು ಇನ್ನೂ ಮುಖದ ಮೇಲೆ ಇತ್ತು. ಅದನ್ನು ಹಾಗೆಯೇ ಹೆಡ್ ಬಾಯಿಯವರ ಕಡೆ ತಿರುಗಿಸಿದ.

"ಹೌದ್ರಿ ಅಕ್ಕೋರ, ಗುಜರಿಯವ್ರಿ. ಹಳೀ ಕಬ್ಬಣ ಏನರ ಇದ್ರ ನೋಡ್ರಿ." ಆಮೇಲೆ ನನ್ನ ಕಡೆಗೂ ಕೈ ಮುಗಿದು, "ನಿಮ್ಮ ಹತ್ರನೂ ಇದ್ರ ನೋಡ್ರಿ ಅಕ್ಕೋರ," ಎಂದ.

ನಾನು ಯಾವ ಹೆಸರಿಗಾಗಿ ಹಂಬಲಿಸಿದ್ದೆನೋ ಆ ಹೆಸರಿನಿಂದ ಕರೆದ. ನಾನು ಏನೂ ಇಲ್ಲವೆಂದು ತಲೆಯಾಡಿಸಿದೆ.

ಹೆಡ್ ಬಾಯಿಯವರು ಗೇಟಿನಿಂದ ಕಳಚಿ ಬಿದ್ದಿದ್ದ ತುಕ್ಕು ಹಿಡಿದ ಬಿಜಾಗರಿ ತೋರಿಸಿ, "ಒಯ್ಯಿ," ಎಂದರು. ಅದನ್ನು ಎತ್ತಿ, ಕಲ್ಲಿಗೆ ಬಡಿದು ಸಪ್ಪಳ ಕೇಳಿ, ಚೀಲಕ್ಕೆ ಹಾಕಿಕೊಂಡ. ಆಮೇಲೆ ಅಂಗಿಯ ಒಳಗಿನಿಂದ ಬಟ್ಟೆಯ ಸಣ್ಣ ಗಂಟು ತೆಗೆದು, ನನ್ನ ಪಾದದ ಹತ್ತಿರ ಮೆಟ್ಟಿಲ ಮೇಲೆ ಇಟ್ಟು, ಸೈಕಲ್ಲಿನ ಕಡೆ ತಿರುಗಿದ.

ಅದು ಏನೆಂದು ನನಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಅಲಗಿನ ಸಾಮಾನನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಮನಸ್ಸು ಮುರಿಯುತ್ತದೆ ಎಂದು ನಂಬಿಕೆ. ಕೊಡುವವನು ನೆಲಕ್ಕೆ ಇಡಬೇಕು, ತೆಗೆದುಕೊಳ್ಳುವವರು ಬಗ್ಗಿ ಎತ್ತಿಕೊಳ್ಳಬೇಕು. ನನ್ನ ಹೊಸ ಖೋಲಿಯ ಒಲೆಮನೆಗೆ ಕಾಕಾ ಚಾಕು ಮಾಡಿ ತಂದಿದ್ದ. ನಾನು ಬಗ್ಗಿದರೆ ಸಾಕಿತ್ತು. ಬಗ್ಗಲಿಲ್ಲ. ಹೆಡ್ ಬಾಯಿಯವರು ಪಕ್ಕದಲ್ಲಿದ್ದರು.

"ಏ ಹಿರ್ಯಾ, ನಿನ್ನ ಗಂಟು ಬಿಟ್ಟಿ ನೋಡು!" ಎಂದು ಅವರೇ ಕೂಗಿದರು.

ಕಾಕಾ ತಿರುಗಿ ಬಂದ. "ಮರ್ತಿದ್ನಿ ನೋಡ್ರಿ. ವಯಸ್ಸಾತ್ರಿ," ಎಂದ. ತಾನು ಇಟ್ಟದ್ದನ್ನು ತಾನೇ ಬಗ್ಗಿ ಎತ್ತಿಕೊಂಡ. ನನ್ನ ಮುಖ ನೋಡಲಿಲ್ಲ.

ಆ ಮಧ್ಯಾಹ್ನ ನಾಲ್ಕನೇ ಇಯತ್ತೆಗೆ ಭಾಗಾಕಾರ ಕಲಿಸಿದೆ. ಏನು ಕಲಿಸಿದೆನೋ! ಪಾಪ, ಆ ಮಕ್ಕಳಿಗೆ ಇವತ್ತಿಗೂ ಭಾಗಾಕಾರ ಬರಲಿಕ್ಕಿಲ್ಲ.

ಶನಿವಾರ ರೋಣಕ್ಕೆ ಹೋದೆ. ಹೊಸ್ತಿಲು ದಾಟುವ ಮೊದಲೇ ಅವ್ವ ಕೇಳಿದಳು: "ಚಾಕು ಹ್ಯಾಂಗ ಆಗೇತಿ? ಹದಿನೈದು ದಿನ ಅದನ್ನ ತಿಕ್ಕೋಂತ ಕುಂತಿದ್ದ ನಿಮ್ಮ ಕಾಕಾ."

ನಾನು ಬಾಯಿ ತೆರೆಯುವಷ್ಟರಲ್ಲಿ ಕುಲುಮೆಯಿಂದ ಕಾಕಾನ ದನಿ ಬಂತು. "ಎಲ್ಲಿ ಕೊಡೂದು ವೈನಿ! ಸಾಲಿಗೆ ಸೂಟಿ ಇತ್ತು. ಕೀಲಿ ಹಾಕಿತ್ತು. ಹಂಗ ತಿರುಗಿ ಬಂದ್ನಿ ಅಂತ ಹೇಳ್ಬೇಕಂದ್ನಿ, ಮರ್ತ್ನಿ."

"ನಡುವಾರದಾಗ ಎಂಥಾ ಸೂಟಿ?"

"ಸರಕಾರದ್ದು ಯಾರಿಗೆ ಗೊತ್ತು!"

ನನ್ನ ಮದುವೆ ಉಳಿಸಲಿಕ್ಕೂ ಒಂದು ಸುಳ್ಳು ಹೇಳಲಾರದ ಮನುಷ್ಯ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುಲುಮೆಗೆ ಹೋದೆ. ಕಾಕಾ ತಿದಿ ಒತ್ತುತ್ತಿದ್ದ.

"ಕಾಕಾ, ಅವತ್ತ ಸಾಲ್ಯಾಗ ನಾ..."

"ಹಾಂ, ಒಂದು ಸಾಲಿಗೆ ಹೋಗಿದ್ನಿ," ಎಂದ, ಬೆಂಕಿಯನ್ನೇ ನೋಡುತ್ತ. "ಅಲ್ಲೊಬ್ರು ಅಕ್ಕೋರ ಇದ್ರು. ನೋಡಾಕ ಥೇಟ್ ನಿನ್ನಂಗ. ನನ್ನ ಕಣ್ಣು ಮೋಸ ಹೋತು, ನೀನ ಅಂತ ತಿಳದು ಹೋಗಿ ನಿಂತ್ನಿ. ತಪ್ಪು ನಂದವ್ವ. ಪಾಪ, ಆ ಅಕ್ಕೋರನ್ನ ನೀ ಏನೂ ಅನಬ್ಯಾಡ."

ಗೂಡಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಕೈಯಗಲದ ಅಲಗು, ಎಮ್ಮೆಯ ಕೋಡಿನ ಕರಿ ಹಿಡಿಕೆ. ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟ. ನಾನು ಬಗ್ಗಿದೆ. ಚಾಕು ಎತ್ತಿಕೊಳ್ಳಲಾಗಲಿಲ್ಲ. ಅವನ ಎರಡೂ ಪಾದ ಹಿಡಿದು ಅತ್ತುಬಿಟ್ಟೆ.

"ಏ ಬಿಡವ್ವ, ಬಿಡು," ಎಂದು ಕಾಕಾ ಗಾಬರಿಯಾದ. "ಕಾಲೆಲ್ಲಾ ಮಸಿ ಐತಿ. ಸೀರಿ ಹೊಲಸಾಗತೈತಿ, ಸೋಮವಾರ ಸಾಲಿಗೆ ಉಟ್ಕೊಂಡು ಹೋಗಾಕ ಬೇಕಲ್ಲ."

ಸೋಮವಾರ ಅದೇ ಸೀರೆ ಉಟ್ಟುಕೊಂಡು ಹೋದೆ, ಒಗೆಯದೆ. ಹೆಡ್ ಬಾಯಿಯವರು ಸೆರಗು ಹಿಡಿದು, "ಇದೇನ್ರೀ ಮಸಿ?" ಎಂದರು.

"ಅವತ್ತ ಗುಜರಿಯವ ಅಂದಿದ್ನೆಲ್ರಿ ಮೇಡಮ್," ಎಂದೆ. "ಅವರು ನಮ್ಮ ಕಾಕಾರಿ. ಇದು ಅವರ ಕಾಲಿಂದು."